ಪೈಥಾನ್‌ನಲ್ಲಿ ವೇರಿಯಬಲ್ ಎಂದರೆ ಡಬ್ಬವೇ? ‘ಕಾಪಿ’ ಮಾಡಿಟ್ಟ ಪಟ್ಟಿ ತಾನಾಗಿಯೇ ಬದಲಾಗುವುದೇಕೆ?

ಪೈಥಾನ್ ಕಲಿಯಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಬಹುತೇಕ ಎಲ್ಲರಿಗೂ ಒಂದು ವಿಚಿತ್ರ ಅನುಭವ ಆಗುತ್ತದೆ. ಒಂದು ಪಟ್ಟಿಯನ್ನು ‘ಕಾಪಿ’ ಮಾಡಿ ಪಕ್ಕಕ್ಕೆ ಇಟ್ಟುಕೊಂಡು, ಮೂಲ ಪಟ್ಟಿಯಲ್ಲಿ ಏನನ್ನೋ ತಿದ್ದುತ್ತಾರೆ. ಆಮೇಲೆ ನೋಡಿದರೆ ಪಕ್ಕಕ್ಕೆ ಇಟ್ಟಿದ್ದ ಕಾಪಿಯೂ ಬದಲಾಗಿರುತ್ತದೆ! ಪ್ರೋಗ್ರಾಂ ಅರ್ಧಕ್ಕೆ ನಿಲ್ಲುವುದಿಲ್ಲ, ಕೆಂಪು ಅಕ್ಷರದಲ್ಲಿ ಎರರ್ ಬರುವುದಿಲ್ಲ. ಎಲ್ಲವೂ ಸರಿಯಾಗಿಯೇ ನಡೆದಂತೆ ಕಾಣುತ್ತದೆ. ಉತ್ತರ ಮಾತ್ರ ತಪ್ಪು.

ಆಗ ಕೆಲವರು ಕಂಪ್ಯೂಟರ್ ಮೇಲೆ ಅನುಮಾನ ಪಡುತ್ತಾರೆ, ಕೆಲವರು ಫೋನಿನ ಆ್ಯಪ್ ಸರಿಯಿಲ್ಲ ಎನ್ನುತ್ತಾರೆ. ಇನ್ನು ಕೆಲವರು ‘ಕೋಡಿಂಗ್ ನನ್ನ ತಲೆಗೆ ಹತ್ತುವುದಲ್ಲ’ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಇಲ್ಲಿ ಕಂಪ್ಯೂಟರ್‌ನದ್ದೂ ತಪ್ಪಿಲ್ಲ, ಕಲಿಯುವವರ ಬುದ್ಧಿಯದ್ದೂ ತಪ್ಪಿಲ್ಲ. ತಪ್ಪಿರುವುದು ಮೊದಲ ದಿನ ಹೇಳಿಕೊಟ್ಟ ಒಂದು ಹೋಲಿಕೆಯಲ್ಲಿ.

ಇಂದು ಪೈಥಾನ್ ಇಂಜಿನಿಯರ್‌ಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಸಿಬಿಎಸ್‌ಇ 11ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಅದು ಇದೆ, ವಿಟಿಯು ಪಠ್ಯಕ್ರಮದಲ್ಲೂ ಇದೆ. ಕಾಮರ್ಸ್ ಓದಿದವರು, ಜೀವಶಾಸ್ತ್ರ ಓದುವವರು, ಸಮೀಕ್ಷೆಯ ಅಂಕಿಅಂಶ ನೋಡುವವರು ಕೂಡ ಅದನ್ನು ಕಲಿಯುತ್ತಿದ್ದಾರೆ. ಆದ್ದರಿಂದ ಈ ತಪ್ಪು ಕಲ್ಪನೆ ಏನು, ಅದರ ಹಿಂದಿನ ಕಾರಣ ಏನು ಎಂಬುದನ್ನು ಸರಳವಾಗಿ ನೋಡೋಣ. ಕೋಡಿಂಗ್ ಗೊತ್ತಿಲ್ಲದವರೂ ಓದಬಹುದು. ನಿಮ್ಮ ಫೋನಿನಲ್ಲಿರುವ ಫೋಟೋಗಳಿಗೂ ಫಾರ್ವರ್ಡ್‌ಗಳಿಗೂ ಇದೇ ವಿಷಯ ಅನ್ವಯಿಸುತ್ತದೆ.

ಪ್ರಚಲಿತ ನಂಬಿಕೆ ಏನು?

‘ವೇರಿಯಬಲ್ ಎಂದರೆ ಒಂದು ಡಬ್ಬ. ಅದರೊಳಗೆ ಬೆಲೆಯನ್ನು ಹಾಕಿಡುತ್ತೇವೆ.’ ನೋಟ್ಸ್, ವಿಡಿಯೊ, ಪಿಡಿಎಫ್, ಎಲ್ಲಿ ನೋಡಿದರೂ ಈ ಸಾಲು ಸಿಗುತ್ತದೆ. ಅಡುಗೆಮನೆಯ ಸಾಲು ಡಬ್ಬಗಳನ್ನು ನೆನೆದರೆ ಇದು ತಕ್ಷಣ ಅರ್ಥವಾಗುತ್ತದೆ: ‘ಸಕ್ಕರೆ’ ಎಂದು ಬರೆದ ಡಬ್ಬದಲ್ಲಿ ಸಕ್ಕರೆ, ‘ರವೆ’ ಎಂದು ಬರೆದ ಡಬ್ಬದಲ್ಲಿ ರವೆ.

ಈ ಹೋಲಿಕೆಯನ್ನು ನಂಬಿದರೆ ಒಂದು ತೀರ್ಮಾನ ಸಹಜವಾಗಿ ಬರುತ್ತದೆ. ‘ಬ = ಅ’ ಎಂದು ಬರೆದರೆ ಅ ಡಬ್ಬದಲ್ಲಿದ್ದದ್ದರ ಒಂದು ನಕಲು ಬ ಡಬ್ಬಕ್ಕೆ ಬಂತು ಎಂದು ಅರ್ಥ. ಇನ್ನು ಮುಂದೆ ಅ ಡಬ್ಬಕ್ಕೆ ಏನೇ ಆದರೂ ಬ ಡಬ್ಬಕ್ಕೆ ಸಂಬಂಧವಿಲ್ಲ.

ಪೈಥಾನ್ ಮಟ್ಟಿಗೆ ಇದು ನಿಜವಲ್ಲ.

ನೀವೇ ಮಾಡಿ ನೋಡಿ

ಪೈಥಾನ್‌ನ ಮೂರನೇ ಆವೃತ್ತಿ 2008ರಲ್ಲಿ ಬಂದಾಗಿನಿಂದ ವೇರಿಯಬಲ್‌ಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆಯಬಹುದು. ಆದ್ದರಿಂದ ಈ ಲೇಖನದಲ್ಲಿರುವ ಕೋಡ್ ಸಾಲುಗಳನ್ನು ಇದ್ದ ಹಾಗೆಯೇ ಟೈಪ್ ಮಾಡಿ ನೋಡಬಹುದು.

ಒಬ್ಬ ಶಿಕ್ಷಕರ ಬಳಿ ಮೂವರು ವಿದ್ಯಾರ್ಥಿಗಳ ಅಂಕಗಳಿವೆ ಎಂದುಕೊಳ್ಳಿ. ಒಬ್ಬರಿಗೆ 34 ಬಂದಿದೆ, ಪಾಸಾಗಲು 35 ಬೇಕು. ಒಂದು ಗ್ರೇಸ್ ಅಂಕ ಕೊಡುವ ಮೊದಲು ಹಳೆಯ ಅಂಕಗಳನ್ನು ಉಳಿಸಿಕೊಳ್ಳೋಣ ಎಂದು ಅವರು ಹೀಗೆ ಬರೆಯುತ್ತಾರೆ:

ಅಂಕಗಳು = [34, 52, 78]
ಹಳೆಯದು = ಅಂಕಗಳು
ಅಂಕಗಳು[0] = 35

(ಪೈಥಾನ್ ಎಣಿಕೆ ಶುರು ಮಾಡುವುದು ಸೊನ್ನೆಯಿಂದ. ಹಾಗಾಗಿ [0] ಎಂದರೆ ಮೊದಲನೆಯದು.)

ಈಗ ‘ಹಳೆಯದು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಬರುವ ಉತ್ತರ: [35, 52, 78].

34 ಎಲ್ಲಿ ಹೋಯಿತು? ಎಲ್ಲಿಯೂ ಉಳಿದಿಲ್ಲ. ಗ್ರೇಸ್ ಅಂಕ ಕೊಡುವ ಮುಂಚೆ ಎಷ್ಟಿತ್ತು ಎಂಬ ದಾಖಲೆಯೇ ಅಳಿಸಿಹೋಯಿತು. ಬ್ಯಾಕಪ್ ಎಂದುಕೊಂಡದ್ದು ಬ್ಯಾಕಪ್ ಆಗಿರಲೇ ಇಲ್ಲ.

ಡಬ್ಬ ಅಲ್ಲ, ಹೆಸರು

ಪೈಥಾನ್‌ನಲ್ಲಿ ವೇರಿಯಬಲ್ ಎಂಬುದು ಡಬ್ಬವಲ್ಲ, ಅದು ಬರೀ ಒಂದು ಹೆಸರು. ವಸ್ತು ಕಂಪ್ಯೂಟರ್‌ನ ಮೆಮೊರಿಯಲ್ಲಿ ಬೇರೆಲ್ಲೋ ಇರುತ್ತದೆ. ಪೈಥಾನ್‌ನ ಭಾಷೆಯಲ್ಲಿ ಅದಕ್ಕೆ ‘ಆಬ್ಜೆಕ್ಟ್’ ಎನ್ನುತ್ತಾರೆ. ಹೆಸರು ಆ ವಸ್ತುವಿನ ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೇ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎರಡೆರಡು ಹೆಸರು ಇರುತ್ತವಲ್ಲ, ಹಾಗೆ. ಮನೆಯಲ್ಲಿ ‘ಚಿನ್ನು’, ಶಾಲೆಯ ಹಾಜರಿ ಪುಸ್ತಕದಲ್ಲಿ ‘ಪ್ರಣವ್’. ಭಾನುವಾರ ಅಪ್ಪ ಚಿನ್ನುವನ್ನು ಕರೆದುಕೊಂಡು ಹೋಗಿ ತಲೆಗೂದಲು ಕತ್ತರಿಸಿಕೊಂಡು ಬಂದರೆ, ಸೋಮವಾರ ಶಾಲೆಗೆ ಬಂದ ಪ್ರಣವ್‌ನ ಕೂದಲು ಉದ್ದವಾಗಿಯೇ ಇರಬೇಕು ಎಂದು ಯಾರೂ ನಿರೀಕ್ಷಿಸುವುದಿಲ್ಲ. ಹೆಸರು ಎರಡಾದರೂ ಹುಡುಗ ಒಬ್ಬನೇ.

‘ಹಳೆಯದು = ಅಂಕಗಳು’ ಎಂಬ ಸಾಲು ಮಾಡಿದ್ದು ಇಷ್ಟೇ. ಈಗಾಗಲೇ ‘ಅಂಕಗಳು’ ಎಂಬ ಹೆಸರಿದ್ದ ಪಟ್ಟಿಗೆ ‘ಹಳೆಯದು’ ಎಂಬ ಇನ್ನೊಂದು ಹೆಸರಿಟ್ಟಿತು. ಹೊಸ ಪಟ್ಟಿಯೇನೂ ಹುಟ್ಟಲಿಲ್ಲ. ಒಂದೇ ವಸ್ತುವಿಗೆ ಎರಡು ಹೆಸರು ಇರುವುದನ್ನು ‘ಅಲಿಯಾಸಿಂಗ್’ ಎನ್ನುತ್ತಾರೆ. ಪೊಲೀಸ್ ದಾಖಲೆಗಳಲ್ಲಿ, ಕೋರ್ಟ್ ಕಾಗದಗಳಲ್ಲಿ ಒಬ್ಬರ ಹೆಸರಿನ ಮುಂದೆ ‘ಅಲಿಯಾಸ್’ ಎಂದು ಬರೆದು ಇನ್ನೊಂದು ಹೆಸರು ಬರೆಯುತ್ತಾರಲ್ಲ, ಇದೂ ಅದೇ ಪದ. ಇನ್ನು ಇರುವ ವಸ್ತುವನ್ನೇ ತಿದ್ದುವುದಕ್ಕೆ ‘ಮ್ಯುಟೇಷನ್’ ಎನ್ನುತ್ತಾರೆ. ಜೀವಶಾಸ್ತ್ರದಲ್ಲೂ ಈ ಪದ ಇದೆ, ಇಲ್ಲಿ ಅದರ ಅರ್ಥ ಬರೀ ‘ಇದ್ದಲ್ಲೇ ಬದಲಾವಣೆ’.

ಈ ಎರಡರಲ್ಲಿ ಯಾವುದೋ ಒಂದೇ ಇದ್ದರೆ ತೊಂದರೆಯಿಲ್ಲ. ಎರಡು ಹೆಸರಿದ್ದರೂ ವಸ್ತು ಎಂದಿಗೂ ಬದಲಾಗದಿದ್ದರೆ ಸಮಸ್ಯೆ ಇಲ್ಲ. ವಸ್ತು ಬದಲಾದರೂ ಅದಕ್ಕೆ ಒಂದೇ ಹೆಸರಿದ್ದರೆ ಆಗಲೂ ಗೊಂದಲ ಇಲ್ಲ. ಎರಡೂ ಒಟ್ಟಿಗೆ ಸೇರಿದಾಗಲೇ ಮೇಲಿನ ಅಂಕಪಟ್ಟಿಯಂಥ ಎಡವಟ್ಟು ಆಗುವುದು.

ಹಾಗಾದರೆ ಸಂಖ್ಯೆಗಳಲ್ಲಿ ಹೀಗೇಕೆ ಆಗುವುದಿಲ್ಲ?

ಒಳ್ಳೆಯ ಪ್ರಶ್ನೆ. ಇದನ್ನು ನೋಡಿ:

ಕ = 5
ಗ = ಕ
ಕ = ಕ + 1

ಈಗ ಕ ಎಂದರೆ 6, ಗ ಎಂದರೆ 5. ಇಲ್ಲಿ ಡಬ್ಬದ ಲೆಕ್ಕ ಸರಿಹೋಯಿತು! ಅನೇಕರು ದಾರಿ ತಪ್ಪುವುದು ಇಲ್ಲಿಯೇ. ಮೊದಲ ಪಾಠಗಳಲ್ಲಿ ಬರುವುದೆಲ್ಲ ಸಂಖ್ಯೆಗಳು. ಡಬ್ಬದ ಹೋಲಿಕೆ ಅಲ್ಲಿ ಕೈಕೊಡುವುದಿಲ್ಲ. ನಂಬಿಕೆ ಗಟ್ಟಿಯಾಗುತ್ತದೆ. ಪಟ್ಟಿಗಳ ಪಾಠ ಬಂದಾಗ ಹೊಡೆತ ಬೀಳುತ್ತದೆ.

ವಾಸ್ತವದಲ್ಲಿ ಎರಡೂ ಕಡೆ ನಿಯಮ ಒಂದೇ. ‘ಗ = ಕ’ ಎಂದಾಗ 5 ಎಂಬ ವಸ್ತುವಿಗೆ ಎರಡು ಹೆಸರಾದವು. ಆದರೆ ‘ಕ = ಕ + 1’ ಎಂಬುದು 5 ಅನ್ನು ತಿದ್ದಲಿಲ್ಲ. 6 ಎಂಬ ಬೇರೆ ವಸ್ತುವನ್ನು ತೆಗೆದುಕೊಂಡು, ಕ ಎಂಬ ಹೆಸರನ್ನು ಅದರ ಕಡೆಗೆ ತಿರುಗಿಸಿತು. ಗ ಇನ್ನೂ 5ರ ಕಡೆಗೇ ಬೆರಳು ತೋರಿಸುತ್ತಿದೆ.

ಪೈಥಾನ್‌ನಲ್ಲಿ ಸಂಖ್ಯೆಗಳು, ಅಕ್ಷರಮಾಲೆಗಳು (ಸ್ಟ್ರಿಂಗ್), ಟ್ಯೂಪಲ್‌ಗಳು ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಇವನ್ನು ‘ಇಮ್ಮ್ಯುಟಬಲ್’ ಎನ್ನುತ್ತಾರೆ. ಲಿಸ್ಟ್, ಡಿಕ್ಷನರಿ, ಸೆಟ್ ಇವು ಬದಲಾಗಬಲ್ಲವು, ಅಂದರೆ ‘ಮ್ಯುಟಬಲ್’.

ಆದ್ದರಿಂದ ಸಮ ಚಿಹ್ನೆ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಹೆಸರು ಬೇರೆ ಕಡೆಗೆ ತಿರುಗಿತೇ, ಅಥವಾ ವಸ್ತುವೇ ತಿದ್ದಿಹೋಯಿತೇ? ‘ಅಂಕಗಳು = [35, 52, 78]’ ಎಂದು ಇಡೀ ಪಟ್ಟಿಯನ್ನು ಹೊಸದಾಗಿ ಬರೆದಿದ್ದರೆ ಹೆಸರು ಮಾತ್ರ ತಿರುಗುತ್ತಿತ್ತು, ‘ಹಳೆಯದು’ ಸುರಕ್ಷಿತವಾಗಿ ಉಳಿಯುತ್ತಿತ್ತು. ‘ಅಂಕಗಳು[0] = 35’ ಎಂದಾಗ ಪಟ್ಟಿಯ ಒಳಗೆ ಕೈಹಾಕಿದಂತಾಯಿತು. ಆಗ ಆ ಪಟ್ಟಿಗೆ ಎಷ್ಟು ಹೆಸರಿವೆಯೋ ಅಷ್ಟೂ ಹೆಸರುಗಳಿಂದ ಬದಲಾವಣೆ ಕಾಣಿಸುತ್ತದೆ.

ಫಾರ್ವರ್ಡ್‌ಗೂ ಲಿಂಕ್‌ಗೂ ಇರುವ ವ್ಯತ್ಯಾಸ

ಫೋನ್ ಬಳಸುವವರಿಗೆ ಇದು ಹೊಸ ವಿಷಯವೇನಲ್ಲ. ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಫಾರ್ವರ್ಡ್ ಮಾಡಿದಾಗ ಆ ಕಡೆಗೆ ಹೋಗುವುದು ನಕಲು. 2023ರಿಂದ ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದುವ ಅವಕಾಶವಿದೆ. ಆದರೆ ಅಷ್ಟರಲ್ಲಿ ಯಾರಾದರೂ ಅದನ್ನು ಬೇರೆ ಗುಂಪಿಗೆ ಫಾರ್ವರ್ಡ್ ಮಾಡಿದ್ದರೆ, ಅಲ್ಲಿರುವ ನಕಲು ಹಾಗೆಯೇ ಉಳಿಯುತ್ತದೆ.

ಈಗ ಗೂಗಲ್ ಶೀಟ್ ಒಂದರ ಲಿಂಕ್ ಕಳುಹಿಸಿದಿರಿ ಎಂದುಕೊಳ್ಳಿ. ಪ್ರವಾಸಕ್ಕೆ ಯಾರ‍್ಯಾರು ಎಷ್ಟು ಹಣ ಕೊಟ್ಟರು ಎಂಬ ಲೆಕ್ಕ ಅದರಲ್ಲಿದೆ. ತಿದ್ದುವ ಅನುಮತಿ ಇರುವ ಯಾರೋ ಒಬ್ಬರು 500 ಇದ್ದದ್ದನ್ನು 5000 ಮಾಡಿದರೆ, ಲಿಂಕ್ ತೆರೆದ ಪ್ರತಿಯೊಬ್ಬರಿಗೂ 5000 ಎಂದೇ ಕಾಣುತ್ತದೆ. ಲಿಂಕ್ ಹತ್ತು ಜನರ ಬಳಿ ಇರಬಹುದು, ಶೀಟ್ ಇರುವುದು ಒಂದೇ.

ಪೈಥಾನ್‌ನ ಸಮ ಚಿಹ್ನೆ ಲಿಂಕ್ ಕಳುಹಿಸಿದಂತೆ, ಫಾರ್ವರ್ಡ್ ಮಾಡಿದಂತೆ ಅಲ್ಲ. ನಕಲು ಬೇಕಿದ್ದರೆ ನೀವು ಕೇಳಿ ಮಾಡಿಸಿಕೊಳ್ಳಬೇಕು.

ಪೈಥಾನ್ ಹೀಗೇಕೆ ಮಾಡುತ್ತದೆ?

ಮುಖ್ಯ ಕಾರಣ ಖರ್ಚು. ಹತ್ತು ಲಕ್ಷ ಸಂಖ್ಯೆಗಳ ಒಂದು ಪಟ್ಟಿ ಇದೆ ಎಂದುಕೊಳ್ಳಿ. ಇಂದಿನ 64-ಬಿಟ್ ಕಂಪ್ಯೂಟರ್‌ಗಳಲ್ಲಿ ಪಟ್ಟಿಯ ಪ್ರತಿ ಸ್ಥಾನವೂ ಒಂದು ವಿಳಾಸ, ಅದಕ್ಕೆ 8 ಬೈಟ್ ಬೇಕು. ಅಂದರೆ ಪಟ್ಟಿಯ ಸ್ಥಾನಗಳಿಗೇ ಸುಮಾರು 8 ಎಂಬಿ ಮೆಮೊರಿ ಬೇಕು, ಒಳಗಿನ ಸಂಖ್ಯೆಗಳ ಲೆಕ್ಕ ಬೇರೆ. ಪ್ರತಿ ಸಲ ಸಮ ಚಿಹ್ನೆ ಹಾಕಿದಾಗಲೂ, ಪ್ರತಿ ಸಲ ಒಂದು ಫಂಕ್ಷನ್‌ಗೆ ಪಟ್ಟಿಯನ್ನು ಕೊಟ್ಟಾಗಲೂ ಇಷ್ಟನ್ನೂ ನಕಲು ಮಾಡುತ್ತ ಕೂತರೆ ಪ್ರೋಗ್ರಾಂ ಕುಂಟುತ್ತದೆ. ವಿಳಾಸ ಮಾತ್ರ ಕೊಟ್ಟರೆ 8 ಬೈಟ್‌ನಲ್ಲಿ ಕೆಲಸ ಮುಗಿಯುತ್ತದೆ.

ಇದು ಪೈಥಾನ್‌ನ ಸ್ವಂತ ಆವಿಷ್ಕಾರವೂ ಅಲ್ಲ. ಗೈಡೊ ವಾನ್ ರೋಸಮ್ ಪೈಥಾನ್ ಅನ್ನು ಮೊದಲು ಬಿಡುಗಡೆ ಮಾಡಿದ್ದು 1991ರಲ್ಲಿ. ಅದಕ್ಕೂ ಮೊದಲು, 1970ರ ದಶಕದಲ್ಲೇ, ಅಮೆರಿಕದ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ‘ಸಿಎಲ್‌ಯು’ ಎಂಬ ಭಾಷೆಯಲ್ಲಿ ಇದೇ ಕ್ರಮವನ್ನು ಬಳಸಿದ್ದರು. ಫಂಕ್ಷನ್‌ಗೆ ವಸ್ತುವಿನ ನಕಲನ್ನು ಕೊಡದೆ ವಸ್ತುವನ್ನೇ ಹಂಚಿಕೊಳ್ಳುವ ಈ ಕ್ರಮಕ್ಕೆ ಅವರು ‘ಕಾಲ್ ಬೈ ಶೇರಿಂಗ್’ ಎಂದು ಹೆಸರಿಟ್ಟರು. ಲಿಸ್ಕೋವ್ ಅವರಿಗೆ 2008ರ ಟ್ಯೂರಿಂಗ್ ಪ್ರಶಸ್ತಿ ಬಂತು. ಜಾವಾದ ಆಬ್ಜೆಕ್ಟ್‌ಗಳು, ಜಾವಾಸ್ಕ್ರಿಪ್ಟ್‌ನ ಅರೇಗಳು ಕೂಡ ಇದೇ ರೀತಿ ನಡೆದುಕೊಳ್ಳುತ್ತವೆ. ಹಾಗಾಗಿ ಪೈಥಾನ್‌ನಲ್ಲಿ ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ.

ಸಾಮಾನ್ಯವಾಗಿ ಎಡವುವ ಜಾಗಗಳು

1. ಮೂರು ದಿನದ ಹಾಜರಿ. ಮೂರು ದಿನ, ಮೂವರು ವಿದ್ಯಾರ್ಥಿಗಳು. ಎಲ್ಲವನ್ನೂ ಸೊನ್ನೆ ಮಾಡಿಟ್ಟು, ಮೊದಲ ದಿನ ಮೊದಲ ವಿದ್ಯಾರ್ಥಿಗೆ ಮಾತ್ರ ಹಾಜರಿ ಹಾಕುತ್ತೇವೆ:

ಹಾಜರಿ = [[0] * 3] * 3
ಹಾಜರಿ[0][0] = 1

ಬರುವ ಉತ್ತರ: [[1, 0, 0], [1, 0, 0], [1, 0, 0]]. ಮೊದಲ ದಿನ ಬಂದವನಿಗೆ ಮೂರೂ ದಿನದ ಹಾಜರಿ! ಕಾರಣ ಇಷ್ಟೇ: ಹೊರಗಿನ ‘* 3’ ಮೂರು ಸಾಲುಗಳನ್ನು ಮಾಡಲಿಲ್ಲ. ಒಂದೇ ಸಾಲಿನ ವಿಳಾಸವನ್ನು ಮೂರು ಸಲ ಬರೆಯಿತು.

2. ಎರಡು ಬಗೆಯ ಕೂಡಿಕೆ. ಪ ಎಂಬುದು ಒಂದು ಪಟ್ಟಿಯಾಗಿದ್ದರೆ, ‘ಪ = ಪ + [4]’ ಎಂಬುದು ಹೊಸ ಪಟ್ಟಿಯನ್ನು ಮಾಡಿ ಪ ಎಂಬ ಹೆಸರನ್ನು ಅದಕ್ಕೆ ಕೊಡುತ್ತದೆ. ‘ಪ += [4]’ ಎಂಬುದು ಇರುವ ಪಟ್ಟಿಯನ್ನೇ ಉದ್ದ ಮಾಡುತ್ತದೆ. ಎರಡೂ ಒಂದೇ, ಎರಡನೆಯದು ಮೊದಲನೆಯದರ ಚಿಕ್ಕ ರೂಪ ಎಂದು ಹೇಳಿಕೊಡುವುದುಂಟು. ಸಂಖ್ಯೆಗಳಲ್ಲಿ ಫಲಿತಾಂಶ ಒಂದೇ ಆದ್ದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಪಟ್ಟಿಗೆ ಎರಡನೇ ಹೆಸರಿದ್ದಾಗ ಮಾತ್ರ ಬಣ್ಣ ಬಯಲಾಗುತ್ತದೆ.

3. ಫಂಕ್ಷನ್‌ಗೆ ಕೊಟ್ಟ ಪಟ್ಟಿ. ಸರಾಸರಿ ಹೇಳಲಿ ಎಂದು ಒಂದು ಫಂಕ್ಷನ್‌ಗೆ ಅಂಕಗಳ ಪಟ್ಟಿಯನ್ನು ಕೊಡುತ್ತೀರಿ. ಆ ಫಂಕ್ಷನ್ ಬರೆದವರು ಲೆಕ್ಕದ ಅನುಕೂಲಕ್ಕೆ ಅತಿ ಕಡಿಮೆ ಅಂಕವನ್ನು ಪಟ್ಟಿಯಿಂದ ತೆಗೆದುಹಾಕಿದ್ದರೆ, ನಿಮ್ಮ ಪಟ್ಟಿಯಿಂದಲೇ ಅದು ಹೋಗುತ್ತದೆ. ಸರಾಸರಿ ಕೇಳಿದ್ದಕ್ಕೆ ಒಬ್ಬ ವಿದ್ಯಾರ್ಥಿಯ ಅಂಕವೇ ಮಾಯ.

4. ವಿಂಗಡಣೆ. ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸಲು ಎರಡು ದಾರಿಗಳಿವೆ. ಲಿಸ್ಟ್‌ನ ‘ಸಾರ್ಟ್’ ಮೆಥಡ್ ಇರುವ ಪಟ್ಟಿಯನ್ನೇ ಕಲಸಿ ಜೋಡಿಸುತ್ತದೆ, ಉತ್ತರವಾಗಿ ‘ನನ್’ (ಏನೂ ಇಲ್ಲ) ಎಂಬುದನ್ನು ಕೊಡುತ್ತದೆ. ‘ಸಾರ್ಟೆಡ್’ ಎಂಬ ಫಂಕ್ಷನ್ ಮೂಲವನ್ನು ಮುಟ್ಟದೆ ಹೊಸ ಪಟ್ಟಿಯನ್ನು ಕೊಡುತ್ತದೆ. ಸಾರ್ಟ್ ಮಾಡಿದ ಉತ್ತರವನ್ನು ಮತ್ತೆ ಅದೇ ಹೆಸರಿಗೆ ಕೊಟ್ಟರೆ ಕೈಯಲ್ಲಿ ಉಳಿಯುವುದು ಬರೀ ‘ನನ್’.

5. ಫಂಕ್ಷನ್‌ನ ಡೀಫಾಲ್ಟ್ ಪಟ್ಟಿ. ‘ಯಾರೂ ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿ ತೆಗೆದುಕೋ’ ಎಂದು ಫಂಕ್ಷನ್‌ನ ಮೊದಲ ಸಾಲಿನಲ್ಲೇ ಬರೆಯುವುದು ರೂಢಿ. ಆ ಖಾಲಿ ಪಟ್ಟಿ ಪ್ರತಿ ಸಲ ಹೊಸದಾಗಿ ಹುಟ್ಟುವುದಿಲ್ಲ. ಫಂಕ್ಷನ್ ರೂಪುಗೊಂಡಾಗ ಒಮ್ಮೆ ಮಾತ್ರ ಹುಟ್ಟುತ್ತದೆ. ಮೊದಲ ಸಲ ಅದರಲ್ಲಿ ಹಾಕಿದ್ದು ಎರಡನೇ ಸಲ ಕರೆದಾಗಲೂ ಅಲ್ಲೇ ಇರುತ್ತದೆ. ಒಬ್ಬ ಗ್ರಾಹಕರ ಬುಟ್ಟಿಯಲ್ಲಿದ್ದ ಸಾಮಾನು ಮುಂದಿನ ಗ್ರಾಹಕರ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವಂಥ ತೊಂದರೆ ಇದು. ಇದಕ್ಕೆ ಪರಿಹಾರ, ಡೀಫಾಲ್ಟ್ ಆಗಿ ‘ನನ್’ ಎಂದು ಬರೆದು, ಫಂಕ್ಷನ್‌ನ ಒಳಗೆ ಹೊಸ ಪಟ್ಟಿಯನ್ನು ಮಾಡುವುದು.

ನಕಲಿನಲ್ಲೂ ಎರಡು ಬಗೆ

ನಕಲು ಮಾಡುವುದು ಕಷ್ಟವೇನಲ್ಲ. ‘ಹಳೆಯದು = ಅಂಕಗಳು[:]’ ಎಂದು ಬರೆದರೆ ಸಾಕು, ಪೂರ್ತಿ ಪಟ್ಟಿಯ ಹೊಸ ಪ್ರತಿ ಸಿದ್ಧ. ಲಿಸ್ಟ್‌ನ ‘ಕಾಪಿ’ ಮೆಥಡ್ ಬಳಸಿದರೂ ಫಲ ಅದೇ. ಇನ್ನು ಮುಂದೆ ‘ಅಂಕಗಳು’ ತಿದ್ದಿದರೆ ‘ಹಳೆಯದು’ ಬದಲಾಗುವುದಿಲ್ಲ.

ಆದರೆ ಪಟ್ಟಿಯೊಳಗೆ ಪಟ್ಟಿ ಇದ್ದರೆ?

ತರಗತಿ = [[34, 52], [61, 70]]
ನಕಲು = ತರಗತಿ[:]
ನಕಲು[0][0] = 99

ಈಗ ‘ತರಗತಿ’ಯನ್ನು ನೋಡಿದರೆ [[99, 52], [61, 70]] ಎಂದಿರುತ್ತದೆ. ನಕಲು ಮಾಡಿದ ಮೇಲೂ ಮೂಲ ಬದಲಾಯಿತು!

ಸಂಘದ ಸದಸ್ಯರ ಮನೆ ವಿಳಾಸಗಳ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿಸಿದಿರಿ ಎಂದುಕೊಳ್ಳಿ. ಈಗ ಹಾಳೆ ಎರಡು. ಜೆರಾಕ್ಸ್ ಹಾಳೆಯಲ್ಲಿ ಒಂದು ವಿಳಾಸವನ್ನು ಹೊಡೆದುಹಾಕಿ ಬೇರೆ ಬರೆದರೆ ಮೂಲ ಹಾಳೆಗೆ ಏನೂ ಆಗುವುದಿಲ್ಲ. ಆದರೆ ಜೆರಾಕ್ಸ್ ಹಾಳೆ ಹಿಡಿದು ಆ ವಿಳಾಸಕ್ಕೆ ಹೋಗಿ ಮನೆಗೆ ಬಣ್ಣ ಬಳಿದು ಬಂದರೆ, ಮೂಲ ಹಾಳೆ ಹಿಡಿದು ಹೋದವರಿಗೂ ಹೊಸ ಬಣ್ಣವೇ ಕಾಣುವುದು. ಜೆರಾಕ್ಸ್ ಆದದ್ದು ವಿಳಾಸ, ಮನೆಯಲ್ಲ.

ಇಂಥ ನಕಲಿಗೆ ‘ಶ್ಯಾಲೋ ಕಾಪಿ’, ಅಂದರೆ ಮೇಲುಮೇಲಿನ ನಕಲು ಎನ್ನುತ್ತಾರೆ. ಒಳಗಿನ ಮನೆಗಳನ್ನೂ ಹೊಸದಾಗಿ ಕಟ್ಟಿಸಬೇಕಿದ್ದರೆ ಪೈಥಾನ್‌ನ ‘ಕಾಪಿ’ ಮಾಡ್ಯೂಲ್‌ನಲ್ಲಿರುವ ‘ಡೀಪ್‌ಕಾಪಿ’ ಬಳಸಬೇಕು. ಅದಕ್ಕೆ ಸಮಯ, ಮೆಮೊರಿ ಎರಡೂ ಹೆಚ್ಚು ಬೇಕು. ಹಾಗಾಗಿ ಎಲ್ಲ ಕಡೆ ಡೀಪ್‌ಕಾಪಿ ಹಾಕಿಬಿಡುವುದು ಪರಿಹಾರವಲ್ಲ, ಅಗತ್ಯ ಇದ್ದಲ್ಲಿ ಮಾತ್ರ ಸಾಕು.

‘ಒಂದೇ ಥರ’ ಬೇರೆ, ‘ಅದೇ’ ಬೇರೆ

ಅಂಗಡಿಯಲ್ಲಿ ಒಂದೇ ಬಣ್ಣದ, ಒಂದೇ ಬೆಲೆಯ ಎರಡು ಸ್ಟೀಲ್ ಲೋಟಗಳಿವೆ. ಅವು ಒಂದೇ ಥರ, ಆದರೆ ಲೋಟ ಎರಡು. ಪೈಥಾನ್‌ನಲ್ಲಿ ಎರಡು ಸಮ ಚಿಹ್ನೆಗಳು (==) ಕೇಳುವ ಪ್ರಶ್ನೆ ‘ಒಂದೇ ಥರವೇ?’ ಎಂಬುದು. ‘ಈಸ್’ ಎಂಬ ಪದ ಕೇಳುವ ಪ್ರಶ್ನೆ ‘ಅದೇ ಲೋಟವೇ?’ ಎಂಬುದು. ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ‘ಐಡಿ’ ಎಂಬ ಫಂಕ್ಷನ್ ಅದನ್ನು ತೋರಿಸುತ್ತದೆ. ನಾವು ಸಾಮಾನ್ಯವಾಗಿ ಬಳಸುವ ‘ಸಿಪೈಥಾನ್’ನಲ್ಲಿ ಅದು ಮೆಮೊರಿಯ ವಿಳಾಸವೇ. ಎರಡು ಹೆಸರುಗಳ ಐಡಿ ಒಂದೇ ಆಗಿದ್ದರೆ, ಅವು ಒಂದೇ ವಸ್ತುವಿನ ಹೆಸರುಗಳು.

ಇಲ್ಲೊಂದು ಎಚ್ಚರಿಕೆ. ಸಂಖ್ಯೆಗಳ ಮೇಲೆ ‘ಈಸ್’ ಪ್ರಯೋಗ ಮಾಡಿ ತೀರ್ಮಾನಕ್ಕೆ ಬರಬೇಡಿ. ಸಿಪೈಥಾನ್ -5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಮೊದಲೇ ಮಾಡಿಟ್ಟುಕೊಂಡು ಮರುಬಳಕೆ ಮಾಡುತ್ತದೆ. ಹಾಗಾಗಿ ಬೇರೆ ಬೇರೆಯಾಗಿ ಬರೆದ ಎರಡು 256ಗಳು ‘ಅದೇ’ ಎಂದು ತೋರಿಸಿ, ಎರಡು 257ಗಳು ಕೆಲವೊಮ್ಮೆ ‘ಬೇರೆ’ ಎಂದು ತೋರಿಸಬಹುದು. ಇದು ವೇಗಕ್ಕಾಗಿ ಮಾಡಿಕೊಂಡ ಒಳವ್ಯವಸ್ಥೆ ಅಷ್ಟೇ. ಬೆಲೆಗಳನ್ನು ಹೋಲಿಸಲು ಯಾವಾಗಲೂ ಎರಡು ಸಮ ಚಿಹ್ನೆಗಳನ್ನೇ ಬಳಸಿ.

ಹಾಗಾದರೆ ಡಬ್ಬದ ಹೋಲಿಕೆ ಪೂರ್ತಿ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಸಿ ಭಾಷೆಯಲ್ಲಿ ಒಂದು ಪೂರ್ಣಾಂಕದ ವೇರಿಯಬಲ್ ನಿಜಕ್ಕೂ ಮೆಮೊರಿಯಲ್ಲಿ ಒಂದು ಡಬ್ಬವೇ. ಒಂದರಿಂದ ಇನ್ನೊಂದಕ್ಕೆ ಕೊಟ್ಟರೆ ಬೆಲೆಯ ನಕಲು ಹೋಗುತ್ತದೆ. ಸಿ++ನಲ್ಲಿ ಒಂದು ವೆಕ್ಟರ್ ಅನ್ನು ಇನ್ನೊಂದಕ್ಕೆ ಕೊಟ್ಟರೆ ಪೂರ್ತಿ ನಕಲಾಗುತ್ತದೆ. ಆ ಭಾಷೆಗಳನ್ನು ಮೊದಲು ಕಲಿತವರು, ಕಲಿಸಿದವರು ಅದೇ ಹೋಲಿಕೆಯನ್ನು ಪೈಥಾನ್‌ಗೂ ತಂದರು. ಒಂದು ಊರಿನ ನಿಯಮ ಇನ್ನೊಂದು ಊರಿನಲ್ಲಿ ನಡೆಯದಿದ್ದರೆ ನಿಯಮವೇ ಸುಳ್ಳು ಎನ್ನಲಾಗದು. ಆದರೆ ಊರು ಬದಲಾಗಿದೆ ಎಂದು ಹೊಸಬರಿಗೆ ಹೇಳಬೇಕಾದದ್ದು ಅಗತ್ಯ.

ಕಂಪ್ಯೂಟರ್ ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಬ್ರಿಟನ್ನಿನ ಬೆನೆಡಿಕ್ಟ್ ಡು ಬೂಲೆ 1980ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಹೊಸಬರಿಗೆ ಭಾಷೆಯ ವ್ಯಾಕರಣ ಕಲಿತರೆ ಸಾಲದು, ಆ ಭಾಷೆಯ ಹಿಂದೆ ನಡೆಯುವ ಯಂತ್ರದ ಒಂದು ಸರಳ ಚಿತ್ರವೂ ತಲೆಯಲ್ಲಿರಬೇಕು. ಅದಕ್ಕೆ ‘ನೋಷನಲ್ ಮಷೀನ್’ ಎನ್ನುತ್ತಾರೆ. ಆ ಚಿತ್ರ ತಪ್ಪಾಗಿದ್ದರೆ, ಪ್ರತಿ ಸಾಲೂ ಗೊತ್ತಿದ್ದರೂ ಉತ್ತರ ಏನು ಬರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ಇದರಿಂದ ನಿಜವಾದ ತೊಂದರೆ ಏನು?

ಎರರ್ ತೋರಿಸುವ ತಪ್ಪು ಒಂದು ರೀತಿಯಲ್ಲಿ ಒಳ್ಳೆಯ ತಪ್ಪು. ಅದು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅಲಿಯಾಸಿಂಗ್‌ನಿಂದ ಆಗುವ ತಪ್ಪು ಮೌನವಾಗಿರುತ್ತದೆ. ಅಂಕಪಟ್ಟಿ, ಸಂಬಳದ ಲೆಕ್ಕ, ರೋಗಿಗಳ ದಾಖಲೆ, ಮಳೆಯ ಅಂಕಿಅಂಶ ಹೀಗೆ ಯಾವುದರಲ್ಲಾದರೂ ಮೂಲ ದತ್ತಾಂಶವೇ ತಿದ್ದಿಹೋಗಿ, ತಿದ್ದಿದ್ದು ಯಾರಿಗೂ ಗೊತ್ತಾಗದಿರಬಹುದು.

ಅಂಕಿಅಂಶಗಳ ಕೆಲಸಕ್ಕೆ ಪೈಥಾನ್‌ನಲ್ಲಿ ಹೆಚ್ಚಾಗಿ ಬಳಸುವ ‘ಪಾಂಡಾಸ್’ ಲೈಬ್ರರಿಯಲ್ಲೂ ಈ ಗೊಂದಲ ಬಹಳ ವರ್ಷ ಕಾಡಿತು. ಒಂದು ಕೋಷ್ಟಕದಿಂದ ಕೆಲವು ಸಾಲುಗಳನ್ನು ಆರಿಸಿಕೊಂಡು ತಿದ್ದಿದರೆ, ಮೂಲ ಕೋಷ್ಟಕ ಬದಲಾಗುತ್ತದೋ ಇಲ್ಲವೋ ಎಂಬುದು ಬಳಸಿದ ರೀತಿಯ ಮೇಲೆ ನಿಂತಿತ್ತು. ಅದಕ್ಕೆಂದೇ ‘ಸೆಟ್ಟಿಂಗ್ ವಿತ್ ಕಾಪಿ’ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತಿತ್ತು. ಕೊನೆಗೆ ಅದನ್ನು ರೂಪಿಸುವವರು 3.0 ಆವೃತ್ತಿಯಿಂದ ‘ಕಾಪಿ ಆನ್ ರೈಟ್’ ಎಂಬ ಕ್ರಮಕ್ಕೆ ಹೋದರು. ಓದುವವರೆಗೂ ಹಂಚಿಕೊಳ್ಳುವುದು, ತಿದ್ದಲು ಹೊರಟ ಕ್ಷಣ ನಕಲು ಮಾಡಿಕೊಳ್ಳುವುದು, ಇದು ಅದರ ತಿರುಳು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ‘ರಸ್ಟ್’ ಭಾಷೆ ಇನ್ನೂ ಬಿಗಿ. ಒಂದು ವಸ್ತುವನ್ನು ಹಲವರು ಒಟ್ಟಿಗೆ ಓದಬಹುದು, ಅಥವಾ ಒಬ್ಬರು ಮಾತ್ರ ತಿದ್ದಬಹುದು. ಎರಡೂ ಏಕಕಾಲಕ್ಕೆ ಆಗದಂತೆ ಪ್ರೋಗ್ರಾಂ ಓಡುವ ಮೊದಲೇ ಅದು ತಡೆಯುತ್ತದೆ. ಅನುಭವಿ ಇಂಜಿನಿಯರ್‌ಗಳೇ ಇಷ್ಟೆಲ್ಲ ಏರ್ಪಾಡು ಮಾಡಿಕೊಂಡಿದ್ದಾರೆ ಎಂದ ಮೇಲೆ, ಮೂರನೇ ವಾರದಲ್ಲಿ ಎಡವಿದ ವಿದ್ಯಾರ್ಥಿ ನಾಚಿಕೊಳ್ಳಬೇಕಾದದ್ದೇನೂ ಇಲ್ಲ.

ಕಲಿಯುವವರು ಏನು ಮಾಡಬೇಕು?

• ಕಾಗದ, ಪೆನ್ನು ತೆಗೆದುಕೊಳ್ಳಿ. ಎಡಕ್ಕೆ ಹೆಸರುಗಳು, ಬಲಕ್ಕೆ ವಸ್ತುಗಳು. ಪ್ರತಿ ಹೆಸರಿನಿಂದ ವಸ್ತುವಿಗೆ ಒಂದು ಬಾಣ ಎಳೆಯಿರಿ. ಸಮ ಚಿಹ್ನೆ ಬಂದಾಗ ಬಾಣ ಮಾತ್ರ ತಿರುಗುತ್ತದೆ. ಒಳಗಿನ ಬೆಲೆ ತಿದ್ದಿದಾಗ ವಸ್ತು ಬದಲಾಗುತ್ತದೆ.

• ಚಿತ್ರ ಬರೆಯಲು ಬೇಸರವಾದರೆ ‘ಪೈಥಾನ್ ಟ್ಯೂಟರ್’ ಎಂಬ ಉಚಿತ ಜಾಲತಾಣವಿದೆ. ಫಿಲಿಪ್ ಗುವೊ 2010ರಲ್ಲಿ ಇದನ್ನು ರೂಪಿಸಿದರು. ಕೋಡ್ ಹಾಕಿದರೆ ಪ್ರತಿ ಸಾಲಿಗೂ ಈ ಬಾಣಗಳನ್ನು ಅದೇ ಬರೆದು ತೋರಿಸುತ್ತದೆ. ಹಾಜರಿಯ ಉದಾಹರಣೆಯನ್ನು ಅಲ್ಲಿ ಹಾಕಿದರೆ ಮೂರು ಬಾಣಗಳು ಒಂದೇ ಸಾಲಿಗೆ ಹೋಗುವುದು ಕಣ್ಣಿಗೇ ಕಾಣುತ್ತದೆ.

• ಬೇರೆಯವರು ಕೊಟ್ಟ ಪಟ್ಟಿಯನ್ನು ಫಂಕ್ಷನ್‌ನ ಒಳಗೆ ತಿದ್ದಬೇಡಿ. ತಿದ್ದಲೇಬೇಕಿದ್ದರೆ ಮೊದಲು ನಕಲು ಮಾಡಿಕೊಳ್ಳಿ, ಅಥವಾ ತಿದ್ದುತ್ತೇವೆ ಎಂದು ಸ್ಪಷ್ಟವಾಗಿ ಬರೆದಿಡಿ.

• ಬದಲಾಗಬಾರದ ಮಾಹಿತಿಯನ್ನು ಲಿಸ್ಟ್ ಬದಲು ಟ್ಯೂಪಲ್‌ನಲ್ಲಿ ಇಡಿ. ಆದರೆ ಟ್ಯೂಪಲ್‌ನ ಒಳಗೆ ಲಿಸ್ಟ್ ಇದ್ದರೆ ಆ ಲಿಸ್ಟ್ ಬದಲಾಗಬಲ್ಲದು ಎಂಬುದು ನೆನಪಿರಲಿ.

• ಎಐ ಚಾಟ್‌ಬಾಟ್ ಬರೆದುಕೊಟ್ಟ ಕೋಡ್ ಆದರೂ ಸರಿ, ಎರಡು ಹೆಸರು ಒಂದೇ ವಸ್ತುವಿಗೆ ಹೋಗುತ್ತಿವೆಯೇ ಎಂದು ಐಡಿ ನೋಡಿ ಖಚಿತಪಡಿಸಿಕೊಳ್ಳಿ.

ಕೋಡಿಂಗ್ ಮಾಡದವರಿಗೂ ಇದೇ ಪ್ರಶ್ನೆ

‘ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದೆಯಲ್ಲ, ಇಲ್ಲಿ ಅಳಿಸಿದರೂ ಅಲ್ಲಿ ಇರುತ್ತದೆ’ ಎಂದುಕೊಂಡು ಅದೇ ಆ್ಯಪ್‌ನಲ್ಲಿ ಫೋಟೋ ಅಳಿಸುವವರಿದ್ದಾರೆ. ತಾಂತ್ರಿಕವಾಗಿ ಅದು ‘ಸಿಂಕ್’, ಅಲಿಯಾಸಿಂಗ್ ಅಲ್ಲ. ಆದರೆ ತಪ್ಪು ತಿಳಿವಳಿಕೆ ಒಂದೇ ಬಗೆಯದು. ಬ್ಯಾಕಪ್ ಆದ ಫೋಟೋವನ್ನು ಆ ಆ್ಯಪ್‌ನಲ್ಲಿ ಅಳಿಸಿದರೆ ನಿಮ್ಮ ಗೂಗಲ್ ಖಾತೆಯಿಂದಲೂ ಅದು ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ ಇದ್ದು ಆಮೇಲೆ ಶಾಶ್ವತವಾಗಿ ಅಳಿಯುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಬೇಕಿದ್ದರೆ ಅದಕ್ಕೆಂದೇ ‘ಫ್ರೀ ಅಪ್ ಸ್ಪೇಸ್’ ಆಯ್ಕೆ ಇದೆ.

ಸುದ್ದಿ ಹಂಚಿಕೊಳ್ಳುವಾಗಲೂ ಇದನ್ನು ಯೋಚಿಸಬೇಕು. ಸ್ಕ್ರೀನ್‌ಶಾಟ್ ಒಂದು ನಕಲು. ಮೂಲ ಸುದ್ದಿಯನ್ನು ತಿದ್ದಿದರೂ, ತೆಗೆದೇ ಹಾಕಿದರೂ ಸ್ಕ್ರೀನ್‌ಶಾಟ್ ಹಳೆಯದನ್ನೇ ಹೇಳುತ್ತ ಊರೂರು ಸುತ್ತುತ್ತದೆ. ಲಿಂಕ್ ಕಳುಹಿಸಿದರೆ ತೆರೆದವರಿಗೆ ತಿದ್ದಿದ ರೂಪವೇ ಸಿಗುತ್ತದೆ. ಆದರೆ ನೀವು ಓದಿ ಒಪ್ಪಿ ಕಳುಹಿಸಿದ ಪುಟ ನಾಳೆ ಬೇರೆಯೇ ಆಗಿರಬಹುದು ಎಂಬ ಅಪಾಯವೂ ಅದರಲ್ಲಿದೆ.

ಒಂದು ತಪ್ಪು ಸಂದೇಶವನ್ನು ಐದು ಗುಂಪುಗಳಿಗೆ ಫಾರ್ವರ್ಡ್ ಮಾಡಿದ ಮೇಲೆ ಮೂಲ ಗುಂಪಿನಲ್ಲಿ ‘ಅದು ಸುಳ್ಳಂತೆ’ ಎಂದು ಬರೆದರೆ ಸಾಲುವುದಿಲ್ಲ. ಆ ಐದು ಗುಂಪುಗಳಲ್ಲಿರುವುದು ಐದು ಬೇರೆ ಬೇರೆ ನಕಲುಗಳು. ಒಂದನ್ನು ತಿದ್ದಿದರೆ ಉಳಿದವು ತಾವಾಗಿ ತಿದ್ದಿಕೊಳ್ಳುವುದಿಲ್ಲ. ತಪ್ಪು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಲ್ಲಿಗೆ ಸರಿಯಾದದ್ದನ್ನೂ ಕಳುಹಿಸಬೇಕು.